ಹದಿನೇಳನೇ ಅಧ್ಯಾಯದ ಅಳು

ನಿವೃತ್ತ ಟ್ರಾಫಿಕ್ ಪೊಲೀಸ್ ಜುಮಾದಿಲ್ ಸತ್ತ ದಿನ, ಅವನ ಸಾವಿನ ಗುಡಾರದೊಳಗೆ ನಾನು ಅಳುತ್ತಿರುವುದು ನನಗೇ ಕೇಳಿಸಿತು. ಆಗ ನಾನಿನ್ನೂ ಅಂಗಳದ ಗೇಟು ದಾಟಿರಲಿಲ್ಲ. ಕೈಯಲ್ಲಿ ಆ ಮನೆಗೆಂದು ತಂದ ಸಕ್ಕರೆ, ಚಹಾಪುಡಿಯ ಚೀಲವಿತ್ತು. ಬಾಯಿ ಮುಚ್ಚಿತ್ತು.

ಬಿಷ್ಕೆಕ್‌ನಲ್ಲಿ ಮನುಷ್ಯ ಐದನೇ ಮಹಡಿಯಲ್ಲಿ ಸತ್ತರೂ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಉಣ್ಣೆಯ ಗುಡಾರ ಏಳಲೇಬೇಕು. ಗಂಡುಮಕ್ಕಳು ಸೊಂಟಕ್ಕೆ ಬಟ್ಟೆ ಬಿಗಿದು, ಕೋಲೂರಿ ಹೊರಗೆ ನಿಂತು ದೊಡ್ಡ ದನಿಯಲ್ಲಿ ಅಳುತ್ತಾರೆ. ಹೆಂಗಸರು ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತು ಕೊಶೋಕ್ ಎತ್ತುತ್ತಾರೆ. ಸತ್ತವರನ್ನು ನೆನೆದು ಸಾಲು ಕಟ್ಟಿ ಹಾಡಿ ಹಾಡಿ ಅಳುತ್ತಾರೆ. ಆವತ್ತು ಒಳಗಿಂದ ಬರುತ್ತಿದ್ದದ್ದು ಇದು:

ಕೊಟ್ಟಿಗೆಯಲಿ ಕರು ಕೂಗುತಿದೆ,
ಕೆಚ್ಚಲು ಸವರುವ ಕೈ ಎಲ್ಲಿ?
ಬಿಚ್ಚಿದೆ ನನ್ನ ಜಡೆಯ ತುದಿ,
ಬೆರಳಿಲ್ಲದ ಆ ಕೈ ಎಲ್ಲಿ?

ಜುಮಾದಿಲ್ ಹುಟ್ಟಿ ಬೆಳೆದದ್ದೆಲ್ಲ ಸಿಟಿಯಲ್ಲಿ. ಲಾರಿ ಡ್ರೈವರುಗಳ ಜೇಬು ಸವರಿದ್ದನೇ ಹೊರತು ಹಸುವಿನ ಕೆಚ್ಚಲನ್ನಲ್ಲ. ಹತ್ತೂ ಬೆರಳು ಗಟ್ಟಿಮುಟ್ಟಾಗಿದ್ದವು. ಅವನು ಯಾರದಾದರೂ ಜಡೆ ಹೆಣೆದದ್ದನ್ನು ಕಂಡವರಿಲ್ಲ. ಆದರೂ ಹೊರಗೆ ನಿಂತ ಗಂಡಸರು ಕೆಚ್ಚಲಿನ ಸಾಲಿಗೆ ಬಿಕ್ಕುತ್ತಿದ್ದರು, ಜಡೆಯ ಸಾಲಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಸಲ ಕಿವಿಗೊಟ್ಟಾಗ ಉರಿ ಇಮ್ಮಡಿಯಾಯಿತು. ನಾನು ಹಾಡಿದ್ದರಲ್ಲಿ ಪ್ರತಿ ಎರಡು ಸಾಲಿಗೊಮ್ಮೆ 'ಅಮ್ಮಾ' ಎಂಬ ಕರೆ ಇತ್ತು. ಯಾರೋ ಅದನ್ನು ಕತ್ತರಿಸಿ ತೆಗೆದಿದ್ದರು. ಅದಿದ್ದ ಕಡೆಯಲ್ಲೆಲ್ಲ ಒಂದು ಸಣ್ಣ ಖಾಲಿ ಉಳಿದಿತ್ತು.

ಗುಡಾರಕ್ಕೆ ನುಗ್ಗಿದೆ. ಸೊಸೆಯರು ಸಾಲಾಗಿ ಗೋಡೆಗೆ ಮುಖ ಮಾಡಿ, ತಲೆವಸ್ತ್ರ ಕಣ್ಣಿನವರೆಗೆ ಎಳೆದುಕೊಂಡು, ಭುಜ ಕುಲುಕಿಸುತ್ತ ಕೂತಿದ್ದರು. ಒಬ್ಬಳ ತುಟಿಯೂ ಅಲ್ಲಾಡುತ್ತಿರಲಿಲ್ಲ. ಪೇರಿಸಿಟ್ಟ ರಜಾಯಿಗಳ ಹಿಂದೆ ಕೈ ಹಾಕಿದೆ. ಸ್ಪೀಕರ್ ಡಬ್ಬ ಬೆಚ್ಚಗೆ ಸಿಕ್ಕಿತು. ಗುಂಡಿ ಒತ್ತಿ ಬಾಯಿ ಮುಚ್ಚಿಸಿದೆ.

ಗುಡಾರ ಗಪ್‌ಚುಪ್ಪಾಯಿತು. ಹೊರಗಿನ ಗಂಡಸರೂ ಅರ್ಧ ಅಳುವಿನಲ್ಲೇ ನಿಂತರು. ಹಿರಿಸೊಸೆ ಗುಲ್ಜಾತ್ ಗಾಬರಿಯಿಂದ ತಿರುಗಿದಳು.

"ಎಜೆ, ಏನ್ ಮಾಡಿದ್ರಿ! ಆನ್ ಮಾಡಿ, ಮಾವನ ಆಫೀಸಿನವರು ಬರ್ತಿದ್ದಾರೆ!"

ಎಜೆ ಎಂದರೆ ಅಕ್ಕ. ನಮ್ಮಲ್ಲಿ ದೊಡ್ಡವಳನ್ನು ಬಯ್ಯುವಾಗಲೂ ಎಜೆ ಅನ್ನಲೇಬೇಕು.

"ಯಾಕೆ, ನಿನಗೆ ಬಾಯಿ ಬಿದ್ದುಹೋಗಿದ್ಯಾ?" ಅಂದೆ. "ನಿನ್ನ ಮಾವ ಕೊಟ್ಟಿಗೇಲಿ ಹಾಲು ಕರೀತಿದ್ನಾ? ನಿನ್ನ ಜಡೆ ಹಾಕ್ತಿದ್ನಾ? ಬಂದವರು ನಗಲ್ವೇನೇ?"

"ಯಾರೂ ನಗ್ಲಿಲ್ಲ ಎಜೆ. ಎಲ್ರೂ ಅತ್ರು." ಅವಳ ಕಣ್ಣು ತುಂಬಿತು. ಇದು ನಿಜವಾದದ್ದು. "ನಮಗೆ ಬರಲ್ಲ. ನಮಗ್ಯಾರೂ ಕಲಿಸ್ಲಿಲ್ಲ. ಸುಮ್ನೆ ಕೂತ್ರೆ ಸೊಸೆಗೆ ಮಾವ ಸತ್ತಿದ್ದು ದುಃಖಾನೇ ಇಲ್ಲ ಅಂತಾರೆ. ನಾವೇನ್ ಮಾಡ್ಬೇಕು, ಹೇಳಿ? ಮಾರ್ಕೆಟ್ ಹತ್ರ ಎಲ್ಲರ ಮನೇಲೂ ಇದನ್ನೇ ಹಾಕ್ತಾರೆ."

ಎಲ್ಲರ ಮನೆಯಲ್ಲೂ ಅಂತೆ. ಡಬ್ಬವನ್ನು ಅವಳ ಮಡಿಲಿಗೆ ಎಸೆದು ಹೊರಗೆ ಬಂದೆ. ಸಕ್ಕರೆ ಚೀಲ ಕೊಡುವುದನ್ನೂ ಮರೆತೆ.

ನನ್ನ ಹೆಸರು ಜೂರಾಕಾನ್. ಅಂಧರ ಸಂಘದ ಸ್ಟುಡಿಯೋದಲ್ಲಿ ಪುಸ್ತಕ ಓದುವುದು ನನ್ನ ಕೆಲಸ. ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಜೇನು ಸಾಕಣೆ ಓದಿದ್ದೇನೆ, ಕುರಿಯ ಗೊರಸು ಕೊಳೆಯುವ ರೋಗ ಓದಿದ್ದೇನೆ. ಮಸಾಜ್ ಮಾಡುವ ವಿಧಾನದ ದಪ್ಪ ಪುಸ್ತಕವನ್ನು ಹೊಸದಾಗಿ ಅಚ್ಚಾದಾಗಲೆಲ್ಲ ಮತ್ತೆ ಓದಿದ್ದೇನೆ, ಏಕೆಂದರೆ ನಮ್ಮ ಸಂಘದ ಅರ್ಧ ಜನಕ್ಕೆ ಅದೇ ಹೊಟ್ಟೆಪಾಡು. ಪಿಂಚಣಿಯ ಕಾನೂನು, ಸಮುದ್ರದ ತಳ, ಚಂದ್ರನ ಮೇಲಿನ ಗುಂಡಿಗಳು, ಒಂಟಿ ಹೆಂಗಸರು ಸೇಬಿನ ಗಿಡ ಕಸಿ ಮಾಡುವುದು ಹೇಗೆ, ಎಲ್ಲ ಆಗಿದೆ. ಪ್ರೇಮ ಕಾದಂಬರಿಯಲ್ಲಿ ಹದಿನೆಂಟರ ಹುಡುಗಿ ನಾನೇ, ಅವಳನ್ನು ಕೈಬಿಟ್ಟು ಓಡಿದ ಕುದುರೆ ಕಾಯುವವನೂ ನಾನೇ, 'ನಾನಾಗಲೇ ಹೇಳಿರಲಿಲ್ವಾ' ಎನ್ನುವ ಅತ್ತೆಯೂ ನಾನೇ. ಪತ್ತೇದಾರಿ ಕತೆಯಲ್ಲಿ ಕೊಲ್ಲುತ್ತೇನೆ, ಸಾಯುತ್ತೇನೆ, ಕೊನೆಗೆ ನನ್ನನ್ನು ನಾನೇ ಹಿಡಿಯುತ್ತೇನೆ. ಒಮ್ಮೆ ಓಶ್ ಊರಿನಿಂದ ಒಬ್ಬ ಫೋನ್ ಮಾಡಿದ್ದ: "ಎಜೆ, ರಾಣಿಜೇನಿಗೂ ಕೊಲೆಗಾರನಿಗೂ ಒಂದೇ ದನಿ ಕೊಟ್ಟಿದ್ದೀರಿ, ನಾನು ಶುರುನಲ್ಲೇ ಕಳ್ಳನ್ನ ಹಿಡಿದುಬಿಟ್ಟೆ." ಬಜಾರಿನಲ್ಲಿ ಅಕ್ರೋಟದ ಬೆಲೆ ಕೇಳಿದರೆ ಮಾರುವವಳು ಕಣ್ಣರಳಿಸುತ್ತಾಳೆ: "ಅಯ್ಯೋ, ನೀವು ಸಕ್ಕರೆ ಕಾಯಿಲೆ ಅಲ್ವಾ?" ಹೌದು, ಸಕ್ಕರೆ ಕಾಯಿಲೆಯೂ ನಾನೇ.

ನಮ್ಮ ಕೆಲಸಕ್ಕೆ ಒಂದು ನಿಯಮವಿದೆ. ಪುಸ್ತಕದಲ್ಲಿ ಇರುವುದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಆ ನಿಯಮವನ್ನು ಒಂದೇ ಸಲ ಮುರಿದೆ. ಅಮ್ಮ ತೀರಿಕೊಂಡ ವರ್ಷ ಅದು.

ಅಮ್ಮ ನರೀನ್ ಕಡೆಯ ಬೆಟ್ಟದ ಊರಿನಲ್ಲಿದ್ದಳು. ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿದ್ದವು. ಉಳಿದವುಗಳಲ್ಲೇ ಹಾಲು ಕರೆದಳು, ನನ್ನ ಜಡೆ ಹೆಣೆದಳು. "ನೋಡು, ನಾನು ಹೋದಾಗ ಚೆನ್ನಾಗಿ ಅಳ್ಬೇಕು ನೀನು," ಎನ್ನುತ್ತಿದ್ದಳು. "ಊರಿನ ಮುಂದೆ ನನ್ನ ಮರ್ಯಾದೆ ತೆಗೀಬೇಡ. ಹೆಣ್ಣುಮಗಳನ್ನ ಹೆತ್ತಿದ್ದು ಇನ್ಯಾತಕ್ಕೆ?" ಸುದ್ದಿ ಬಂದಾಗ ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಾಲು ಕಟ್ಟಿಕೊಂಡು ಹೋದೆ. ಗುಡಾರದ ಬಾಗಿಲಲ್ಲಿ ನನ್ನ ಅಣ್ಣ ಆಶಿರ್‌ಬೆಕ್ ಅಡ್ಡ ನಿಂತಿದ್ದ. ಆ ವರ್ಷವಷ್ಟೇ ಅವನು ಗಡ್ಡ ಬಿಟ್ಟು, ಊರಿಗೆ ಹೊಸದಾಗಿ ಬಂದ ಕಟ್ಟುನಿಟ್ಟಿನ ಧರ್ಮಬೋಧಕರ ಜೊತೆ ಸೇರಿದ್ದ.

"ಯಾರೂ ದನಿ ಎತ್ತೋ ಹಾಗಿಲ್ಲ," ಅಂದ. "ಗಟ್ಟಿಯಾಗಿ ಅತ್ರೆ ಅಮ್ಮಂಗೆ ಗೋರೀಲಿ ಹಿಂಸೆ. ಬಾಯಿ ಮುಚ್ಕೊಂಡು ಪ್ರಾರ್ಥನೆ ಮಾಡಿ."

"ಬೈಕೆ, ಅಮ್ಮ ನನ್ನ ಹತ್ರ ಮಾತು ತಗೊಂಡಿದ್ಲು," ಅಂದೆ. ಅಣ್ಣನನ್ನು ನಾವು ಬೈಕೆ ಎನ್ನುತ್ತೇವೆ.

"ಅವಳಿಗೆ ತಿಳೀತಿರ್ಲಿಲ್ಲ."

ಎಂಬತ್ತು ವರ್ಷ ಬಾಳಿದವಳಿಗೆ ತಿಳಿಯುತ್ತಿರಲಿಲ್ಲವಂತೆ, ಮೂರು ತಿಂಗಳ ಗಡ್ಡಕ್ಕೆ ಎಲ್ಲ ತಿಳಿದುಬಿಟ್ಟಿತ್ತು. ಹಿರಿಯ ಮಗನ ಮಾತು ಮೀರುವ ಹಾಗಿರಲಿಲ್ಲ. ಗೋಡೆಯ ಕಡೆ ತಿರುಗಿ ಬಾಯಿ ಕಚ್ಚಿ ಕೂತೆ. ಅವನೂ ಹೊರಗೆ ಸೊಂಟ ಬಿಗಿದು ನಿಲ್ಲಲಿಲ್ಲ, ಅಳಲಿಲ್ಲ. ಬಂದವರೆಲ್ಲ ಸುಮ್ಮನೆ ಬಂದು ಸುಮ್ಮನೆ ಹೋದರು. ಯಾರೋ ಪರದೇಶಿ ಹೆಂಗಸನ್ನು ಮಣ್ಣು ಮಾಡಿದ ಹಾಗೆ ಅಮ್ಮನನ್ನು ಮಣ್ಣು ಮಾಡಿದೆವು. ಆವತ್ತಿನಿಂದ ಅಣ್ಣನ ಜೊತೆ ನನಗೆ ಹಬ್ಬದ ದಿನದ ಎರಡು ಮಾತು ಬಿಟ್ಟರೆ ಇನ್ನೇನಿಲ್ಲ.

ಊರಿಂದ ಬಂದ ಮೇಲೆ ಸ್ಟುಡಿಯೋದಲ್ಲಿ ಒಂದು ಕಾದಂಬರಿ ಓದುತ್ತಿದ್ದೆ. ಹದಿನೇಳನೇ ಅಧ್ಯಾಯದಲ್ಲಿ 'ಮಗಳು ಗೋಡೆಯ ಕಡೆ ತಿರುಗಿ ತಾಯಿಗಾಗಿ ಕೊಶೋಕ್ ಹಾಡಿದಳು' ಎಂದಿತ್ತು. ಮುಂದಿನ ಸಾಲಿಗೆ ಹಿಮ ಬಿದ್ದು ಕತೆ ಮುಂದೆ ಹೋಗಿತ್ತು. ಓದಿ ನಿಲ್ಲಿಸಿದೆ. ಧ್ವನಿಮುದ್ರಣದ ಮೈರಂಬೆಕ್‌ಗೆ ಹುಟ್ಟಿನಿಂದ ಕಣ್ಣಿಲ್ಲ. ಅವನು ಗಾಜಿನ ಆಚೆಯಿಂದ ಹೇಳಿದ: "ಗೋಡೆ ಕಡೆ ತಿರುಗಿದ್ಲು ಅಂದ್ರೆ ನಮಗೇನ್ ಕಾಣುತ್ತೆ, ಎಜೆ? ಹಾಡಿದ್ಲು ಅಂದ್ಮೇಲೆ ಕೇಳಿಸ್ಬೇಕು."

ನಾನು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದೆ. ಬಸ್ಸಿನಲ್ಲಿ ಕಟ್ಟಿದ್ದ ಸಾಲುಗಳೆಲ್ಲ ಒಂದೂ ಬಿಡದೆ ಬಂದವು. ಹಾಡು ನಿಂತಾಗ ಗಂಟಲು ಹರಿದಿತ್ತು. ಮೈರಂಬೆಕ್ ಅದನ್ನು ಹಾಗೇ ಉಳಿಸಿದ. ನಮ್ಮ ಅಮ್ಮನಿಗೆ ಈ ಭೂಮಿಯ ಮೇಲೆ ಸಿಕ್ಕಿದ ಅಳು ಅದೊಂದೇ.

ಅದನ್ನೇ ಈಗ ಜುಮಾದಿಲ್‌ನ ಹೆಣದ ಪಕ್ಕ ಡಬ್ಬದಲ್ಲಿ ಹಾಕಿ ಕೂಗಿಸುತ್ತಿದ್ದರು, ಅವಳ ಹೆಸರನ್ನೇ ಕಿತ್ತು.

ಅಂಧರ ಸಂಘದ ಹಳೆಯ ಪುಸ್ತಕಗಳನ್ನೆಲ್ಲ ಈಚೆಗೆ ಒಂದು ಕಂಪನಿ ತೆಗೆದುಕೊಂಡು ಫೋನಿನಲ್ಲಿ ಕೇಳುವ ಹಾಗೆ ಮಾಡಿತ್ತು. ಅಲ್ಲಿನ ಮ್ಯಾನೇಜರ್ ಪೆರಿಜಾತ್ ಎಂಬ ಹುಡುಗಿ. ಜುಮಾದಿಲ್‌ನ ಅಂಗಳದಿಂದ ನೇರ ಅವಳ ಆಫೀಸಿಗೆ ಹೋದೆ.

"ಬನ್ನಿ ಎಜೆ, ಬನ್ನಿ! ಕೂತ್ಕೊಳ್ಳಿ. ಚಹಾ ತರಿಸ್ಲಾ?"

"ಚಹಾ ಬೇಡ. ನಮ್ಮಮ್ಮನ್ನ ಕತ್ತರಿಸಿದ್ದು ಯಾರು?"

ಅವಳು ಬೆಚ್ಚಿದಳು. ವಿಷಯ ತಿಳಿದ ಮೇಲೆ ಮುಖ ಸಡಿಲವಾಯಿತು. ತನ್ನ ಫೋನಿನಲ್ಲಿ ನನ್ನ ಪಟ್ಟಿ ತೆರೆದು ತೋರಿಸಿದಳು. ಜೇನು, ಕುರಿ, ಚಂದ್ರ, ಪ್ರೇಮ, ಕೊಲೆ ಎಲ್ಲ ಕೆಳಗೆಲ್ಲೋ ಇದ್ದವು. ಎಲ್ಲಕ್ಕಿಂತ ಮೇಲೆ, 'ಸಮಾರಂಭಗಳಿಗೆ' ಎಂಬ ವಿಭಾಗದಲ್ಲಿ, ಹುಟ್ಟುಹಬ್ಬದ ಹಾರೈಕೆಗೂ ಮದುವೆಯ ಭಾಷಣಕ್ಕೂ ನಡುವೆ ನನ್ನ ಅಳು ಕೂತಿತ್ತು.

"ಗಂಡಸರಿಗೂ ಹೊಂದ್ಲಿ ಅಂತ ಆ ಕರೆಯೋ ಪದ ಮಾತ್ರ ತೆಗೆಸಿದ್ವಿ ಎಜೆ. ಎಷ್ಟು ನೀಟಾಗಿ ತೆಗೆದಿದ್ದಾರೆ ನೋಡಿ, ಗೊತ್ತೇ ಆಗಲ್ಲ."

"ನನಗೆ ಗೊತ್ತಾಯ್ತು."

"ಕಾದಂಬರಿ ಬರೆದವರ ಮನೆಯವರು ಒಪ್ಪಿದ್ದಾರೆ. ಅವರಿಗಿಲ್ಲದ ಕೋಪ ನಿಮಗ್ಯಾಕೆ?"

"ಪುಸ್ತಕ ತೆಗಿ. ಹದಿನೇಳನೇ ಅಧ್ಯಾಯದಲ್ಲಿ ಆ ಹಾಡು ಎಲ್ಲಿದೆ ತೋರಿಸು."

ಹುಡುಕಿದಳು, ಪುಟ ಹಿಂದೆಮುಂದೆ ತಿರುವಿದಳು. ಕೊನೆಗೆ ಪುಸ್ತಕ ಮುಚ್ಚಿ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಇದು ನಿಮ್ಮದೇನಾ?"

"ನಮ್ಮಮ್ಮಂದು. ತೆಗೆದು ಹಾಕು."

"ಎಜೆ, ಕೋಪ ಮಾಡ್ಕೋಬೇಡಿ. ನಿಮ್ಮ ಜೇನಿನ ಪುಸ್ತಕಾನ ಯಾರೂ ಮುಟ್ಟಲ್ಲ. ಇದನ್ನ ಇಡೀ ದೇಶ ಕೇಳುತ್ತೆ. ಜನಕ್ಕೆ ಅಳೋದೇ ಮರೆತುಹೋಗಿದೆ, ನಿಮ್ಮಿಂದ ಅಳ್ತಿದ್ದಾರೆ. ಇದು ಪುಣ್ಯದ ಕೆಲಸ ಅಲ್ವಾ?"

ಅವಳ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಅದಕ್ಕೇ ಪಿತ್ತ ಇನ್ನೂ ನೆತ್ತಿಗೇರಿತು. ಪುಣ್ಯ ಬೇಕಿದ್ದರೆ ಅವಳು ತನ್ನ ತಾಯಿಯನ್ನು ಬಾಡಿಗೆಗೆ ಬಿಡಲಿ! ಆಗ ನಾನು ಅವರಿಗಾಗಿ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ವಾರಕ್ಕೊಂದು ಅಧ್ಯಾಯ ಬಿಡುತ್ತಿದ್ದರು. ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಕೊನೆಯ ಅಧ್ಯಾಯ ಇನ್ನೂ ನನ್ನ ಗಂಟಲಲ್ಲೇ ಇತ್ತು.

"ಸರಿ ಹಾಗಾದ್ರೆ," ಅಂದೆ. "ಕೊಲೆ ಮಾಡಿದ್ದು ಯಾರು ಅಂತ ಜನಕ್ಕೆ ನೀನೇ ಓದಿ ಹೇಳು."

"ಎಜೆ! ಹಾಗ್ ಮಾಡ್ಬೇಡಿ ಎಜೆ!"

"ಕುರಿ ಗೊರಸಿಂದ ಹಿಡಿದು ಎಲ್ಲಾನೂ ಇನ್ಮೇಲೆ ನೀನೇ ಓದು. ನೀಟಾಗಿ ಓದು, ಗೊತ್ತೇ ಆಗ್ಬಾರ್ದು."

ನಾನು ಅಲ್ಲಿಂದ ಏಳುವ ಮೊದಲೇ ಆ ಅಳು ಪಟ್ಟಿಯಿಂದ ಹೋಯಿತು. ಅವರ ಕಡೆ ತೆಗೆದರೆ ಎಲ್ಲರ ಫೋನಿನಿಂದಲೂ ಹೋಗುತ್ತದಂತೆ. ಸೊಸೆಯರು ಏನಾದರೂ ಮಾಡಿಕೊಳ್ಳಲಿ, ಅತ್ತರೆ ಅಳಲಿ, ಬಿಟ್ಟರೆ ಬಿಡಲಿ ಅಂದುಕೊಂಡು ಮನೆಗೆ ಬಂದೆ. ಗೆದ್ದ ಸಮಾಧಾನ ಮಾತ್ರ ಬರಲಿಲ್ಲ. ಪಾತ್ರೆಗಳನ್ನು ದಬದಬ ಇಡುತ್ತಲೇ ಸಂಜೆ ಕಳೆದೆ.

ಮರುದಿನ ಮಧ್ಯಾಹ್ನ ಬಾಗಿಲು ಬಡಿದದ್ದು ಅಣ್ಣ. ಅವನು ನರೀನ್ ದಾರಿಯಲ್ಲಿ ಬಾಡಿಗೆ ವ್ಯಾನ್ ಓಡಿಸುತ್ತಾನೆ. ಹಬ್ಬವಿರಲಿಲ್ಲ, ಮದುವೆಯಿರಲಿಲ್ಲ, ಸುಮ್ಮನೆ ಬಂದು ನಿಂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಬಾ ಎನ್ನುವ ಮೊದಲೇ ಫೋನ್ ಮುಂದೆ ಹಿಡಿದ.

"ಜೂರಾ, ಅದೆಲ್ಲಿ ಹೋಯ್ತು?"

"ಯಾವುದು?"

"ನಿನ್ನೆಯಿಂದ ಹುಡುಕ್ತಿದ್ದೀನಿ. ನೀನು ಅಮ್ಮಂಗೆ ಅತ್ತಿದ್ದು."

ಕೈಯಲ್ಲಿದ್ದ ಒರೆಸುವ ಬಟ್ಟೆ ಬಿದ್ದುಹೋಯಿತು.

"ಯಾರ್ ಹೇಳಿದ್ರು ನಿನಗೆ ಅದು ಅಮ್ಮಂದು ಅಂತ?"

"ಬೆರಳಿಲ್ಲದ ಕೈ ಇನ್ಯಾರದಿರುತ್ತೆ?" ನೆಲ ನೋಡುತ್ತಾ ಹೇಳಿದ. "ಪ್ಯಾಸೆಂಜರನ್ನೆಲ್ಲ ಇಳಿಸಿ, ವಾಪಸ್ ಬರ್ತಾ ಖಾಲಿ ವ್ಯಾನಲ್ಲಿ ಹಾಕ್ಕೋತೀನಿ. ಡೋಲೋನ್ ಕಣಿವೆ ಇಳಿಯೋವರೆಗೂ ಅದೇ. ಅಮ್ಮಾ ಅನ್ನೋದನ್ನ ಯಾರೋ ತೆಗೆದುಹಾಕಿದ್ದಾರಲ್ಲ, ಅಲ್ಲಿ ನಾನೇ ಹೇಳ್ಕೋತೀನಿ."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗುತ್ತಿದ್ದರೇನೋ. ನನಗೆ ಕೊಳ್ಳಿ ಇಟ್ಟ ಹಾಗಾಯಿತು. ನನ್ನ ಬಾಯಿ ಮುಚ್ಚಿಸಿ, ಊರಿನ ಬಾಯಿ ಮುಚ್ಚಿಸಿ, ಅಮ್ಮನನ್ನು ಮೂಕಿಯಂತೆ ಮಣ್ಣಿಗೆ ಹಾಕಿದವನು ಈಗ ಕಿಟಕಿ ಏರಿಸಿಕೊಂಡು ಕದ್ದು ಕದ್ದು ಅಳುತ್ತಿದ್ದನಂತೆ!

"ನಾಚಿಕೆ ಆಗಲ್ವಾ ನಿನಗೆ?" ಎಂದು ಕಿರುಚಿದೆ. "ಗೋರೀಲಿ ಹಿಂಸೆ ಅಂದ್ಯಲ್ಲ? ದಿನಾ ವ್ಯಾನಲ್ಲಿ ಹಾಕ್ಕೊಂಡು ಹಿಂಸೆ ಕೊಡ್ತಿದ್ಯಾ ಅಮ್ಮಂಗೆ?"

"ಆವಾಗ ಹಾಗೆ ಹೇಳಿದ್ರು, ನಂಬಿದ್ದೆ. ಈಗ್ಲೂ ಏನ್ ಸರಿ ಅಂತ ಗೊತ್ತಿಲ್ಲ ನಂಗೆ." ಫೋನನ್ನು ಮತ್ತೆ ನನ್ನ ಕಡೆ ಚಾಚಿದ. "ಅದನ್ನ ವಾಪಸ್ ಹಾಕ್ಸು ಜೂರಾ. ಕಾಲಿಗೆ ಬೀಳ್ತೀನಿ."

"ಹಾಕ್ಸಲ್ಲ."

"ನನಗೊಬ್ಬನಿಗಾದ್ರೂ ಕಳಿಸು. ಯಾರಿಗೂ ಕೇಳಿಸಲ್ಲ."

"ಅದೇ ಬೇಕಲ್ವಾ ನಿನಗೆ, ಯಾರಿಗೂ ಕೇಳಿಸ್ದೇ ಇರೋದು!" ಅವನ ಎದೆಗೆ ಕೈ ಹಾಕಿ ಬಾಗಿಲಿನಿಂದ ಆಚೆ ತಳ್ಳಿದೆ. ನನಗಿಂತ ಹಿರಿಯವನು, ಎಂದೂ ಹಾಗೆ ಮುಟ್ಟಿದವಳಲ್ಲ. "ಕೇಳ್ಬೇಕಾ? ಅಲ್ಲೇ ನಿಂತ್ಕೊಂಡು ಕೇಳು. ಮಗ ನಿಲ್ಲೋ ಜಾಗ ಅದು. ಸೊಂಟ ಬಿಗಿ. ಆವತ್ತು ಊರಿನ ಮುಂದೆ ಅಳ್ಬೇಕಾಗಿತ್ತಲ್ಲ, ಇವತ್ತು ಈ ಬಿಲ್ಡಿಂಗಿನ ಮುಂದೆ ಅಳು. ಆಗ್ದಿದ್ರೆ ಕೆಳಗಡೆ ನಿನ್ನ ವ್ಯಾನ್ ನಿಂತಿದೆ, ಹೋಗ್ತಾ ಇರು."

ಬಾಗಿಲು ತೆರೆದೇ ಬಿಟ್ಟು ಒಳಗೆ ಬಂದೆ. ಅವನು ಹೋಗುತ್ತಾನೆ ಅಂದುಕೊಂಡಿದ್ದೆ. ಹೋಗಲಿ ಎಂದೂ ಇತ್ತು. ಕಾರ್ಪೆಟ್ ಮೇಲೆ ಮಂಡಿ ಮಡಿಸಿ, ಗೋಡೆಯ ಕಡೆ ಮುಖ ಮಾಡಿ ಕೂತೆ. ಮೊದಲ ಸಾಲು ಅಳುವಿನ ಹಾಗೆ ಬರಲಿಲ್ಲ, ಜಗಳಕ್ಕೆ ಕರೆದ ಹಾಗೆ ಬಂತು.

ಕೊಟ್ಟಿಗೆಯಲಿ ಕರು ಕೂಗುತಿದೆ, ಅಮ್ಮಾ,
ಕೆಚ್ಚಲು ಸವರುವ ಕೈ ಎಲ್ಲಿ?

ಹೊರಗೆ ಸದ್ದಿಲ್ಲ. ಎರಡನೆಯದನ್ನು ಎತ್ತಿದೆ. ಆಗ ಕಾರಿಡಾರಿನಿಂದ, ಮೊದಲು ಕೆಮ್ಮಿನಂತೆ, ಆಮೇಲೆ ಗಂಟಲು ಕಿತ್ತುಬಂದ ಹಾಗೆ, ನಮ್ಮ ಗಂಡಸರು ತಾಯಿಯ ಗುಡಾರದ ಮುಂದೆ ಕೂಗುವ ಕೂಗು ಬಂತು. "ಅಯ್ಯೋ ನನ್ನಮ್ಮಾ! ನನ್ನ ಬೆಟ್ಟದಂಥ ಅಮ್ಮಾ!" ಐದೂ ಮಹಡಿಯ ಮೆಟ್ಟಿಲು ಗಲ್ಲೆಂದಿತು. ನಾನು ದನಿ ಇನ್ನೂ ಏರಿಸಿದೆ. ಅವನೂ ಏರಿಸಿದ. ಕೂಡಿ ಅಳುತ್ತಿದ್ದೆವೋ, ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದೆವೋ ಹೇಳುವುದು ಕಷ್ಟ.

ಒಂದೊಂದೇ ಬಾಗಿಲು ತೆರೆದ ಸದ್ದಾಯಿತು. ನಮ್ಮವರಿಗೆ ಈ ದನಿ ಕೇಳಿದ ಮೇಲೆ ಮನೆಯಲ್ಲಿ ಕೂತಿರಲು ಬರುವುದಿಲ್ಲ, ಕಾರಣ ಕೇಳುವುದು ಆಮೇಲೆ. ಮೇಲಿನ ಮನೆಯ ಗಂಡಸು ಅಳುತ್ತಲೇ ಮೆಟ್ಟಿಲಿಳಿದು ಬಂದು ಅಣ್ಣನನ್ನು ತಬ್ಬಿಕೊಂಡದ್ದು ಕೇಳಿಸಿತು. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಎದುರು ಮನೆಯ ಮುದುಕಿ ಬುರ್ಮಾ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ಕೂತು, ಬೆನ್ನ ಮೇಲೆ ಕೈ ಇಟ್ಟು ತಾನೂ ಗೋಡೆಯ ಕಡೆ ತಿರುಗಿದಳು. ಆಮೇಲೆ ಬಂದ ಹೆಂಗಸರ ಕೈಯಲ್ಲಿ ಒಲೆಯಿಂದ ಎತ್ತಿ ತಂದ ರೊಟ್ಟಿಯಿತ್ತು, ಹಿಟ್ಟು ಮೆತ್ತಿದ ಬೆರಳುಗಳಿದ್ದವು. ಯಾರೂ ಫೋನ್ ತೆಗೆಯಲಿಲ್ಲ. ಬಂದವರು ಬಂದಂತೆ ದನಿ ಸೇರಿಸಿದರು.

ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ನಾನು ಉಸಿರು ತೆಗೆದುಕೊಳ್ಳುವಾಗ ಹೊರಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಯಾರು ತೀರಿಕೊಂಡ್ರು ಬೈಕೆ?" ಎಂದು ಯಾರೋ ಕೇಳಿದರು.

"ನಮ್ಮಮ್ಮ."

"ಅಯ್ಯೋ. ಯಾವಾಗ?"

ಸುಳ್ಳಾಡುವುದು ಮಹಾಪಾಪ ಎಂದು ಊರಿಗೆಲ್ಲ ಬೋಧಿಸುವವನು ನಮ್ಮಣ್ಣ. ಪ್ಯಾಸೆಂಜರಿಗೆ 'ಇನ್ನೇನು ಬಂತು' ಎಂದೂ ಹೇಳದವನು.

"ಇವತ್ತು," ಅಂದ.

ಬುರ್ಮಾ ನನ್ನ ಮುಖ ನೋಡಿದಳು. ನಾನು ತಿದ್ದಲಿಲ್ಲ. ಗೋಡೆಯ ಕಡೆ ತಿರುಗಿ ಮುಂದಿನ ಸಾಲು ಎತ್ತಿಕೊಂಡೆ.